ಹೊಟ್ಟೆ ಸೂಕ್ಷ್ಮವಾದ ಪುಟ್ಟ ನಾಯಿಗೆ ಒಗ್ಗುವ ಆಹಾರವನ್ನು ಕಂಡುಕೊಳ್ಳುವ ಬಗೆ

ಪುಟ್ಟ ನಾಯಿಯ ಹೊಟ್ಟೆ ಕೆಟ್ಟಾಗ ನಮ್ಮ ಬಹುಪಾಲು ಮನೆಗಳಲ್ಲಿ ನಡೆಯುವುದು ಒಂದೇ ಕ್ರಮ. ಮೊದಲ ದಿನ ಮೊಸರನ್ನ ಕಲಸಿ ಇಡುತ್ತೇವೆ, ಎರಡನೆಯ ದಿನ ಮೆಡಿಕಲ್ ಸ್ಟೋರಿನಿಂದ ಮನುಷ್ಯರ ಭೇದಿಯ ಮಾತ್ರೆ ತರುತ್ತೇವೆ, ವಾರ ಕಳೆದರೂ ಮಲ ಗಟ್ಟಿಯಾಗದಿದ್ದರೆ ಇನ್ನೊಂದು ಕಂಪನಿಯ ಆಹಾರದ ಚೀಲ ಮನೆಗೆ ಬರುತ್ತದೆ. ಅದು ನಾಲ್ಕು ದಿನ ಒಗ್ಗಿದಂತೆ ಕಂಡು ಐದನೆಯ ದಿನ ಮತ್ತೆ ಮೊದಲಿನ ಸ್ಥಿತಿಯೇ ಆದಾಗ ಮೂರನೆಯ ಚೀಲದ ಹುಡುಕಾಟ ಶುರುವಾಗುತ್ತದೆ. ಹೀಗೆ ಎರಡು ತಿಂಗಳು ಕಳೆಯುವಷ್ಟರಲ್ಲಿ ನಾಯಿ ಸೊರಗಿರುತ್ತದೆ, ಹಣ ಖರ್ಚಾಗಿರುತ್ತದೆ, ಆದರೆ ಅದಕ್ಕೆ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂಬುದು ಮಾತ್ರ ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ.

ನಮ್ಮ ಮನೆಯಲ್ಲೂ ಹೀಗೆಯೇ ಆಯಿತು. ನಮ್ಮದು ಐದು ಕಿಲೋ ತೂಕದ ಬಿಳಿ ನಾಯಿ. ನಮ್ಮ ಊರುಗಳಲ್ಲಿ ಎಲ್ಲರೂ ಪೊಮೇರಿಯನ್ ಎಂದು ಕರೆಯುವ, ವಾಸ್ತವದಲ್ಲಿ ಇಂಡಿಯನ್ ಸ್ಪಿಟ್ಜ್ ಎಂಬ ತಳಿಗೆ ಸೇರಿದ್ದು. ಅದರ ತೊಂದರೆಯನ್ನು ಸರಿಪಡಿಸಲು ನಮಗೆ ಹಿಡಿದ ಕಾಲದಲ್ಲಿ ಮುಕ್ಕಾಲು ಪಾಲು ಅವಸರದಿಂದಲೇ ವ್ಯರ್ಥವಾಯಿತು. ಆದ್ದರಿಂದ ಇಲ್ಲಿ ಹೇಳುವ ಪ್ರತಿಯೊಂದು ಹೆಜ್ಜೆಯ ಹಿಂದೆಯೂ ಇರುವ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು, ಫಲ ಕಾಣುವಷ್ಟು ದಿನ ಕಾಯಬೇಕು.

ಆಹಾರದ ಮಾತಿಗೆ ಮುಂಚೆ: ಯಾವಾಗ ಕಾಯಬಾರದು

ಕಾಯುವ ಮಾತು ಎಲ್ಲ ಸಂದರ್ಭಕ್ಕೂ ಸಲ್ಲುವುದಿಲ್ಲ. ಮಲದಲ್ಲಿ ರಕ್ತ ಧಾರಾಳವಾಗಿ ಕಂಡರೆ ಅಥವಾ ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ಕುಡಿದ ನೀರೂ ವಾಂತಿಯಾಗುತ್ತಿದ್ದರೆ, ಒಸಡು ಬಿಳಿಚಿಕೊಂಡಿದ್ದರೆ, ಹೆಗಲ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟಾಗ ಅದು ಕೂಡಲೇ ಹಿಂದಿನಂತಾಗದೆ ನಿಧಾನವಾಗಿ ಇಳಿದರೆ, ಅದೇ ದಿನ ಪಶುವೈದ್ಯರ ಬಳಿಗೆ ಒಯ್ಯಬೇಕು. ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗವನ್ನು ಮೇಲಕ್ಕೆತ್ತಿ, ನಮಸ್ಕಾರ ಮಾಡುವಂತೆ ಮತ್ತೆ ಮತ್ತೆ ನಿಲ್ಲುವುದು ಹೊಟ್ಟೆನೋವಿನ ಲಕ್ಷಣ. ಅದನ್ನು ಆಟವೆಂದು ತಿಳಿಯಬಾರದು. ಮಾವಿನ ಗೊರಟೆ, ಮುಸುಕಿನ ಜೋಳದ ದಿಂಡು, ಬೇಯಿಸಿದ ಮೂಳೆ ಇವುಗಳಲ್ಲಿ ಯಾವುದನ್ನಾದರೂ ನುಂಗಿರುವ ಅನುಮಾನವಿದ್ದರೆ ಕರುಳು ಕಟ್ಟಿಕೊಂಡಿರುವ ಸಾಧ್ಯತೆಯಿರುವುದರಿಂದ ಯಾವ ಪಥ್ಯವೂ ಪ್ರಯೋಜನಕ್ಕೆ ಬಾರದು.

ಮರಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಲಸಿಕೆಯ ಸರಣಿ ಮುಗಿಯದ ಮರಿಗೆ ವಾಂತಿ ಭೇದಿ ಒಟ್ಟಿಗೆ ಶುರುವಾದರೆ ಮೊದಲು ನೆನಪಾಗಬೇಕಾದದ್ದು ಪಾರ್ವೊ ವೈರಾಣು ರೋಗ. ಅಲ್ಲದೆ ಪುಟ್ಟ ತಳಿಯ ಮರಿಗಳ ದೇಹದಲ್ಲಿ ಸಕ್ಕರೆಯ ದಾಸ್ತಾನು ತೀರ ಕಡಿಮೆ. ದೊಡ್ಡ ನಾಯಿಯನ್ನು ಒಂದು ದಿನ ಉಪವಾಸ ಕೆಡಹಿದಂತೆ ಅವನ್ನು ಕೆಡಹಿದರೆ ರಕ್ತದ ಸಕ್ಕರೆ ಕುಸಿದು ನಡುಕ, ತೂರಾಟ, ಕೊನೆಗೆ ಪ್ರಜ್ಞೆ ತಪ್ಪುವ ಸ್ಥಿತಿ ಬರಬಹುದು. "ಒಂದು ದಿನ ಏನೂ ಕೊಡಬೇಡಿ, ತಾನೇ ಸರಿಹೋಗುತ್ತದೆ" ಎಂದು ನೆರೆಯವರು ಪ್ರೀತಿಯಿಂದ ಕೊಡುವ ಸಲಹೆ ಮರಿಗಳಿಗೆ ಹೇಳಿದ್ದಲ್ಲ.

ಮೊದಲ ಹೆಜ್ಜೆ: ಬಾಯಿಗೆ ಹೋಗುವುದೆಲ್ಲವನ್ನೂ ಬರೆಯುವುದು

ಮೂರು ವಾರಗಳ ಕಾಲ ನಾಯಿಯ ಬಾಯಿಗೆ ಹೋಗುವ ಪ್ರತಿಯೊಂದನ್ನೂ, ಅದರ ಮಲದ ಸ್ಥಿತಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಈ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಭಾಗವೆಂದು ನಾನು ನಂಬಿದ್ದೇನೆ. ಪುಸ್ತಕ ಅಡುಗೆಮನೆಯಲ್ಲೇ, ಎಲ್ಲರ ಕೈಗೆ ಸಿಗುವಲ್ಲಿ ಇರಬೇಕು. ತಾರೀಖು, ಹೊತ್ತು, ಏನು ಕೊಟ್ಟದ್ದು, ಎಷ್ಟು ಕೊಟ್ಟದ್ದು, ಯಾರು ಕೊಟ್ಟರು, ಎಷ್ಟು ಸಲ ಮಲವಿಸರ್ಜನೆ ಆಯಿತು, ಮಲ ಹೇಗಿತ್ತು, ವಾಂತಿ ಆಯಿತೇ ಎಂಬಿಷ್ಟು ಸಾಕು. ಔಷಧಿ, ಜಂತುಹುಳುವಿನ ಮಾತ್ರೆ, ಬೀದಿಯಲ್ಲಿ ಬಾಯಿ ಹಾಕಿದ್ದು ಎಲ್ಲವೂ ಅದರಲ್ಲಿ ಸೇರಬೇಕು.

ನಮ್ಮ ಪುಸ್ತಕದ ಮೊದಲ ವಾರವೇ ನಮ್ಮ ಕಣ್ಣು ತೆರೆಸಿತು. ನಾಯಿಗೆ ದಿನಕ್ಕೆರಡು ಹೊತ್ತು ಒಣ ಆಹಾರ ಮಾತ್ರ ಕೊಡುತ್ತಿದ್ದೇವೆ ಎಂದು ನಾವು ವೈದ್ಯರಿಗೆ ಪ್ರಾಮಾಣಿಕವಾಗಿಯೇ ಹೇಳಿದ್ದೆವು. ಬರೆಯಲು ತೊಡಗಿದ ಮೇಲೆ ತಿಳಿದದ್ದೇ ಬೇರೆ: ಬೆಳಗಿನ ಕಾಫಿಯ ಹೊತ್ತಿಗೆ ಅಪ್ಪನಿಂದ ಮೂರು ಗ್ಲೂಕೋಸ್ ಬಿಸ್ಕತ್ತು, ಸಂಜೆ ಮತ್ತೆ ಮೂರು, ಮಧ್ಯಾಹ್ನ ಅಜ್ಜಿಯ ತಟ್ಟೆಯಿಂದ ಒಂದು ತುತ್ತು ಮೊಸರನ್ನ, ರಾತ್ರಿ ತುಪ್ಪ ಸವರಿದ ಚಪಾತಿಯ ಅಂಚು, ಭಾನುವಾರ ಕಾಲು ಸೂಪಿನ ಮೇಲೆ ತೇಲುವ ಜಿಡ್ಡಿನೊಂದಿಗೆ ಕಲಸಿದ ಅನ್ನ. ಒಬ್ಬೊಬ್ಬರೂ ಕೊಟ್ಟದ್ದು ಸ್ವಲ್ಪವೇ, ಆದರೆ ಐದು ಕಿಲೋ ತೂಕದ ದೇಹಕ್ಕೆ ಆ ಸ್ವಲ್ಪಗಳೆಲ್ಲ ಸೇರಿ ಒಂದು ಪೂರ್ತಿ ಊಟವಾಗಿದ್ದವು. ಮೂರು ವಾರಗಳ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಮೂರು ಸಲವೂ ಭೇದಿ ಜೋರಾದದ್ದು ಸೋಮವಾರ ಮತ್ತು ಮಂಗಳವಾರ. ಕಾರಣ ಭಾನುವಾರದ ಸಾಲಿನಲ್ಲೇ ಬರೆದಿತ್ತು.

ಇದರ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು. ವಿಶ್ರಾಂತಿಯಲ್ಲಿರುವ ನಾಯಿಗೆ ಬೇಕಾದ ಶಕ್ತಿಯನ್ನು ಪಶುವೈದ್ಯರು ಅದರ ತೂಕದ 0.75ನೇ ಘಾತವನ್ನು 70ರಿಂದ ಗುಣಿಸಿ ಅಂದಾಜು ಮಾಡುತ್ತಾರೆ. ಐದು ಕಿಲೋ ನಾಯಿಗೆ ಅದು ಸುಮಾರು 235 ಕಿಲೋ ಕ್ಯಾಲೊರಿ ಆಗುತ್ತದೆ. ಮನೆಯೊಳಗೆ ಓಡಾಡಿಕೊಂಡಿರುವ, ಸಂತಾನಹರಣ ಶಸ್ತ್ರಚಿಕಿತ್ಸೆ ಆದ ವಯಸ್ಕ ನಾಯಿಗೆ ಅದರ ಒಂದೂವರೆ ಪಟ್ಟು, ಅಂದರೆ ದಿನಕ್ಕೆ ಸುಮಾರು 350 ಸಾಕು. ಬಿಸ್ಕತ್ತಿನಲ್ಲಿ ನೂರು ಗ್ರಾಮಿಗೆ ಸುಮಾರು 450 ಕಿಲೋ ಕ್ಯಾಲೊರಿ ಇರುವುದರಿಂದ ಐದು ಗ್ರಾಮಿನ ಆರು ಬಿಸ್ಕತ್ತು ಎಂದರೆ ಸುಮಾರು 135. ದಿನದ ಆಹಾರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರಿಯ ಮೈದಾ, ಸಕ್ಕರೆ ಮತ್ತು ಎಣ್ಣೆ ಆಯಿತು! ಮುಖ್ಯ ಊಟವಲ್ಲದ ತಿನಿಸುಗಳೆಲ್ಲ ಸೇರಿ ದಿನದ ಕ್ಯಾಲೊರಿಯ ಶೇಕಡಾ 10ನ್ನು ಮೀರಬಾರದು ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ.

ಆದ್ದರಿಂದ ಹೊಸ ಆಹಾರವನ್ನು ಕೊಳ್ಳುವುದಕ್ಕೆ ಮುಂಚೆ, ಈಗ ಕೊಡುತ್ತಿರುವ ಮುಖ್ಯ ಆಹಾರವೊಂದನ್ನು ಉಳಿಸಿಕೊಂಡು ಮಿಕ್ಕದ್ದೆಲ್ಲವನ್ನೂ ಎರಡು ವಾರ ನಿಲ್ಲಿಸಿ ನೋಡಬೇಕು. ಖರ್ಚಿಲ್ಲದ ಈ ಪ್ರಯೋಗವನ್ನು ಮಾಡುವವರು ಕಡಿಮೆ, ಏಕೆಂದರೆ ಇದರಲ್ಲಿ ಕಷ್ಟವಿರುವುದು ಮನೆಯವರಿಗೆ. ಬಾಲ ಅಲ್ಲಾಡಿಸುತ್ತ ಮಂಡಿಯ ಮೇಲೆ ಕಾಲಿಡುವ ಜೀವಕ್ಕೆ ಇಲ್ಲವೆನ್ನುವುದು ಹಿರಿಯರಿಗೆ ನಿಜವಾಗಿಯೂ ಸಂಕಟದ ವಿಷಯ. ಅದನ್ನು ತಳ್ಳಿಹಾಕದೆ, ದಿನದ ಆಹಾರದಲ್ಲಿ ಹತ್ತು ಹದಿನೈದು ಕಾಳುಗಳನ್ನು ಬೆಳಗ್ಗೆಯೇ ತೆಗೆದು ಪುಟ್ಟ ಡಬ್ಬಿಯಲ್ಲಿ ಅವರ ಕೈಗೆ ಕೊಟ್ಟರೆ, ಪ್ರೀತಿ ತೋರಿಸುವ ದಾರಿಯೂ ಉಳಿಯುತ್ತದೆ, ಲೆಕ್ಕವೂ ತಪ್ಪುವುದಿಲ್ಲ. ನಮ್ಮ ಅಜ್ಜಿ ಈ ಡಬ್ಬಿಯನ್ನು ತಮ್ಮ ಎಲೆಯಡಿಕೆ ಚೀಲದ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ.

ಹಾಲಿನ ಬಗ್ಗೆ ಇಲ್ಲಿಯೇ ಒಂದು ಮಾತು. ಮರಿ ತಾಯಿಯ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಅದರ ಕರುಳಿನಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಜೀರ್ಣವಾಗದೆ ಉಳಿದ ಆ ಸಕ್ಕರೆ ಕರುಳಿನೊಳಗೆ ನೀರನ್ನು ಸೆಳೆದುಕೊಳ್ಳುತ್ತದೆ, ಹುಳಿಯುತ್ತದೆ, ಮಲವನ್ನು ತೆಳುವಾಗಿಸುತ್ತದೆ. ಮೊಸರಿನಲ್ಲಿ ಅದರ ಪ್ರಮಾಣ ಕಡಿಮೆಯಾದ್ದರಿಂದ ಎಷ್ಟೋ ನಾಯಿಗಳು ಒಂದೆರಡು ಚಮಚ ಮೊಸರನ್ನು ತಾಳಿಕೊಳ್ಳುತ್ತವೆ. ಆದರೂ ಹೊಟ್ಟೆ ಕೆಟ್ಟಿರುವ ದಿನಗಳಲ್ಲಿ ಎರಡನ್ನೂ ದೂರವಿಡುವುದೇ ಮೇಲು.

ಸಾರು, ಹುಳಿ, ಪಲ್ಯ ಕಲಸಿದ ಅನ್ನವನ್ನಂತೂ ಯಾವತ್ತೂ ಕೊಡಬಾರದು. ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಪಾಯಸ ಮತ್ತು ಕೇಸರಿಬಾತಿನಲ್ಲಿರುವ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯ ತರಬಲ್ಲದು. ಚಾಕೊಲೇಟ್, ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿರುವ ಜೈಲಿಟಾಲ್ ಇವೂ ವಿಷವೇ. ಪುಟ್ಟ ನಾಯಿಗೆ ಇವುಗಳ ಅಪಾಯಕಾರಿ ಪ್ರಮಾಣವೂ ಪುಟ್ಟದೇ ಎಂಬುದನ್ನು ಮರೆಯಬಾರದು.

ಎರಡನೆಯ ಹೆಜ್ಜೆ: ಮಲವನ್ನು ನೋಡಿ ಅರಿಯುವುದು, ಪರೀಕ್ಷೆ ಮಾಡಿಸುವುದು

ಹೇಸಿಗೆಪಡದೆ ಮಲವನ್ನು ಗಮನಿಸಲು ಕಲಿಯಬೇಕು. ದಿನಕ್ಕೆ ಎರಡು ಮೂರು ಸಲ ಮಾತ್ರ ಹೋಗಿ, ಪ್ರತಿ ಸಲವೂ ಹೆಚ್ಚು ಪ್ರಮಾಣದಲ್ಲಿ ನೀರಾಗಿ ಹೋಗುತ್ತ, ದಿನದಿಂದ ದಿನಕ್ಕೆ ತೂಕ ಇಳಿಯುತ್ತಿದ್ದರೆ ತೊಂದರೆ ಬಹುತೇಕ ಸಣ್ಣ ಕರುಳಿನದು. ಮತ್ತೆ ಮತ್ತೆ ಕುಳಿತು, ತಿಣುಕಿ, ಸ್ವಲ್ಪಸ್ವಲ್ಪವೇ ಹೋಗುತ್ತ, ಅದರಲ್ಲಿ ಲೋಳೆಯೋ ಕೊನೆಯಲ್ಲಿ ಒಂದೆರಡು ಹನಿ ಕೆಂಪು ರಕ್ತವೋ ಕಂಡರೆ, ತೂಕ ಮಾತ್ರ ಹಾಗೆಯೇ ಇದ್ದರೆ, ಅದು ದೊಡ್ಡ ಕರುಳಿನದು. ಮುಂದೆ ಯಾವ ಬಗೆಯ ಆಹಾರ ಆರಿಸಬೇಕು ಎಂಬುದು ಈ ವ್ಯತ್ಯಾಸವನ್ನು ಅವಲಂಬಿಸಿರುವುದರಿಂದ ಫೋನಿನಲ್ಲಿ ಫೋಟೊ ತೆಗೆದು ವೈದ್ಯರಿಗೆ ತೋರಿಸಲು ಸಂಕೋಚಪಡಬೇಕಾಗಿಲ್ಲ. ಪುಸ್ತಕದಲ್ಲಿ ಮಾತ್ರ ಪ್ರತಿ ದಿನವೂ ಒಂದೇ ಮಾತುಗಳಲ್ಲಿ ಬರೆಯಬೇಕು: ಗಟ್ಟಿ, ಆಕಾರವಿದ್ದು ಮೆತ್ತಗೆ, ಆಕಾರವಿಲ್ಲದ ಮುದ್ದೆ, ನೀರು.

ಬೆಳಗಿನ ಜಾವ ಹಳದಿ ನೊರೆಯನ್ನು ವಾಂತಿ ಮಾಡಿ, ಆಮೇಲೆ ಏನೂ ಆಗಿಲ್ಲವೆಂಬಂತೆ ತಿಂಡಿಗೆ ಬರುವ ಪುಟ್ಟ ನಾಯಿಗಳು ಬಹಳ. ರಾತ್ರಿಯೆಲ್ಲ ಖಾಲಿ ಇರುವ ಹೊಟ್ಟೆಗೆ ಪಿತ್ತ ಏರಿ ಹೀಗಾಗುತ್ತದೆ. ಇದಕ್ಕೆ ಆಹಾರ ಬದಲಿಸುವ ಮುಂಚೆ ಹೊತ್ತನ್ನು ಬದಲಿಸಿ ನೋಡಬೇಕು: ದಿನದ ಪಾಲಿನಲ್ಲೇ ಒಂದು ಹಿಡಿಯನ್ನು ಉಳಿಸಿ ಮಲಗುವ ಮುಂಚೆ ಕೊಟ್ಟರೆ ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಆಹಾರವನ್ನು ದೂರುವ ಮೊದಲು ಹುಳುಗಳನ್ನು ತಳ್ಳಿಹಾಕಬೇಕು. ಕೊಕ್ಕೆಹುಳು, ದುಂಡುಹುಳು, ಜಿಯಾರ್ಡಿಯಾ ಮುಂತಾದ ಪರೋಪಜೀವಿಗಳು ಒಳಗಿರುವವರೆಗೆ ಎಷ್ಟು ದುಬಾರಿ ಆಹಾರ ತಂದರೂ ಮಲ ಗಟ್ಟಿಯಾಗುವುದಿಲ್ಲ. ಆ ದಿನದ ಹೊಸ ಮಲವನ್ನು ಸ್ವಚ್ಛವಾದ ಡಬ್ಬಿಯಲ್ಲಿ ಒಯ್ದರೆ ಸೂಕ್ಷ್ಮದರ್ಶಕದ ಕೆಳಗೆ ನೋಡಿ ಹೇಳುತ್ತಾರೆ. ಜಿಯಾರ್ಡಿಯಾ ಪ್ರತಿದಿನವೂ ಮಲದಲ್ಲಿ ಕಾಣಿಸಿಕೊಳ್ಳದ ಕಾರಣ ಬೇರೆ ಬೇರೆ ದಿನಗಳ ಮಾದರಿ ಕೇಳುವುದುಂಟು. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ; ಶಿವಮೊಗ್ಗ, ಹಾಸನ, ಬೀದರ್ ಕಡೆಯವರಿಗೂ ಅಲ್ಲಲ್ಲಿಯ ಪಶುವೈದ್ಯಕೀಯ ಕಾಲೇಜುಗಳಿವೆ. ನಮ್ಮ ರಾಜ್ಯದಲ್ಲಿ ರಕ್ತ ಹೀರುವ ಉಣ್ಣಿಹುಳುವಿನಿಂದ ಹರಡುವ ಜ್ವರವೂ ಸಾಮಾನ್ಯವಾದ್ದರಿಂದ, ಊಟ ಬಿಟ್ಟು ಮಂಕಾಗಿರುವ ನಾಯಿಗೆ ರಕ್ತಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳಿದರೆ ಅದನ್ನು ಅನವಶ್ಯಕ ಖರ್ಚೆಂದು ಎಣಿಸಬಾರದು.

ಪ್ರತಿಜೀವಕದ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ತಂದು ಕೊಡುವ ಅಭ್ಯಾಸವನ್ನು ಬಿಡಬೇಕು. ಸಾಧಾರಣ ಭೇದಿ ಬಹುಪಾಲು ಅದಿಲ್ಲದೆಯೇ ವಾಸಿಯಾಗುತ್ತದೆ, ಮಾತ್ರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಮನುಷ್ಯರ ನೋವಿನ ಮಾತ್ರೆಗಳಂತೂ ಇಷ್ಟು ಸಣ್ಣ ದೇಹಕ್ಕೆ ಪ್ರಾಣಾಪಾಯವನ್ನೇ ತರಬಹುದು.

ಮೂರನೆಯ ಹೆಜ್ಜೆ: ಕೆಲವು ದಿನಗಳ ಸಪ್ಪೆ ಊಟ

ವೈದ್ಯರು ಒಪ್ಪಿದ ಮೇಲೆ, ಭೇದಿ ಜೋರಾಗಿರುವ ಎರಡು ಮೂರು ದಿನ ಸಪ್ಪೆ ಊಟ ಕೊಡಬಹುದು. ಐದು ಕಿಲೋ ವಯಸ್ಕ ನಾಯಿಗೆ ದಿನವೊಂದಕ್ಕೆ ಸುಮಾರು 60 ಗ್ರಾಂ ಬೇಯಿಸಿದ ಕೋಳಿಯ ಎದೆಮಾಂಸ, 130 ಗ್ರಾಂ ಮೆತ್ತಗೆ ಬೇಯಿಸಿದ ಬಿಳಿ ಅನ್ನ ಎಂದು ಇಟ್ಟುಕೊಂಡರೆ 260 ಕಿಲೋ ಕ್ಯಾಲೊರಿಯ ಆಸುಪಾಸು ಆಗುತ್ತದೆ. ಕೋಳಿಯ ಚರ್ಮವನ್ನೂ ಅದಕ್ಕಂಟಿದ ಹಳದಿ ಕೊಬ್ಬನ್ನೂ ಪೂರ್ತಿ ತೆಗೆದು, ಉಪ್ಪು, ಅರಿಶಿನ, ಎಣ್ಣೆ ಏನೂ ಹಾಕದೆ ನೀರಿನಲ್ಲಿ ಬೇಯಿಸಿ, ಆರಿದ ಮೇಲೆ ಬೆರಳಿನಿಂದ ಎಳೆಎಳೆಯಾಗಿ ಬಿಡಿಸಬೇಕು. ಬೇಯಿಸಿದ ನೀರನ್ನು ತಣ್ಣಗಾಗಲು ಬಿಟ್ಟರೆ ಮೇಲೆ ಜಿಡ್ಡು ಹೆಪ್ಪುಗಟ್ಟುತ್ತದೆ. ಅದನ್ನು ಚಮಚದಿಂದ ತೆಗೆದುಬಿಟ್ಟು ಉಳಿದ ತಿಳಿಯನ್ನು ಅನ್ನಕ್ಕೆ ಬೆರೆಸಿದರೆ ಊಟ ಬೇಡವೆನ್ನುವ ನಾಯಿಯೂ ಮೂಸಿ ನೋಡಿ ಬಾಯಿ ಹಾಕುತ್ತದೆ. ಅನ್ನ ಬೆರಳಿಗೆ ಸಿಕ್ಕಿದರೆ ಕರಗುವಷ್ಟು ಬೆಂದಿರಬೇಕು, ಕುಕ್ಕರಿನಲ್ಲಿ ಎಂದಿಗಿಂತ ಎರಡು ಕೂಗು ಹೆಚ್ಚು. ಇದನ್ನು ನಾಲ್ಕು ಪಾಲು ಮಾಡಿ ನಾಲ್ಕು ಹೊತ್ತು, ಉಗುರುಬೆಚ್ಚಗೆ ಕೊಡಬೇಕು.

ಮಾಂಸ ತರದ ಮನೆಗಳಲ್ಲಿ ಕೋಳಿಯ ಬದಲಿಗೆ ಬೇಯಿಸಿದ ಮೊಟ್ಟೆಯ ಬಿಳಿಭಾಗವನ್ನು ಬಳಸಬಹುದು. ಮೊಟ್ಟೆಯೂ ಬರುವಂತಿಲ್ಲವಾದರೆ ಮನೆಯಲ್ಲಿ ಏನೋ ಒಂದನ್ನು ಹೊಂದಿಸುವುದಕ್ಕಿಂತ ವೈದ್ಯರು ಹೇಳುವ ಸಿದ್ಧ ಆಹಾರವನ್ನು ತರುವುದು ಕ್ಷೇಮ. ಬೇಯಿಸಿ ಮಸೆದ ಸಿಹಿಗುಂಬಳ ಒಂದು ಚಮಚ ಬೆರೆಸಿದರೆ ಅದರ ನಾರು ಮಲಕ್ಕೆ ಆಕಾರ ಕೊಡಲು ನೆರವಾಗುತ್ತದೆ.

ಈ ಊಟದಿಂದ ಮಲ ಗಟ್ಟಿಯಾದ ಖುಷಿಯಲ್ಲಿ ಇದನ್ನೇ ತಿಂಗಳುಗಟ್ಟಲೆ ಮುಂದುವರಿಸುವವರಿದ್ದಾರೆ. ಅನ್ನ ಮತ್ತು ಕೋಳಿಯಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇಲ್ಲವೆನ್ನುವಷ್ಟು ಕಡಿಮೆ. ಅಯೋಡಿನ್, ಸತು, ಕೆಲವು ಜೀವಸತ್ವಗಳೂ ಸಾಲವು. ಮೇಲ್ನೋಟಕ್ಕೆ ನಾಯಿ ಚೆನ್ನಾಗಿಯೇ ಕಾಣುತ್ತಿರುವಾಗ ಒಳಗೆ ಮೂಳೆ ಸವೆಯುತ್ತಿರುತ್ತದೆ, ಬೆಳೆಯುವ ಮರಿಯಾದರೆ ಕಾಲು ಸೊಟ್ಟಗಾಗಬಹುದು. ಸಪ್ಪೆ ಊಟ ಎನ್ನುವುದು ಸೇತುವೆಯ ಹಾಗೆ, ದಾಟಿ ಆಚೆ ಹೋಗಬೇಕು.

ನಾಲ್ಕನೆಯ ಹೆಜ್ಜೆ: ಪ್ರಯೋಗಕ್ಕೆ ಒಂದು ಆಹಾರವನ್ನು ಆರಿಸುವುದು

ಇಲ್ಲಿಯವರೆಗೆ ಬಂದವರ ಬಳಿ ಪುಸ್ತಕವಿದೆ, ಪರೀಕ್ಷೆಯ ಫಲಿತಾಂಶವಿದೆ. ಈಗ ವೈದ್ಯರೊಂದಿಗೆ ಕುಳಿತು ಮೂರು ದಾರಿಗಳಲ್ಲಿ ಒಂದನ್ನು ಹಿಡಿಯಬೇಕು.

ಜಿಡ್ಡು ತಿಂದಾಗಲೆಲ್ಲ ಹದಗೆಡುವ ನಾಯಿಗೆ, ಮೇದೋಜೀರಕ ಗ್ರಂಥಿಯ ಉರಿಯೂತ ಒಮ್ಮೆಯಾದರೂ ಬಂದ ನಾಯಿಗೆ, ಕೊಬ್ಬು ಕಡಿಮೆ ಇರುವ ಆಹಾರ ಬೇಕು. ಯಾರ್ಕ್‌ಶೈರ್ ಟೆರಿಯರ್, ಮಿನಿಯೇಚರ್ ಶ್ನಾಜರ್ ಮುಂತಾದ ಪುಟ್ಟ ತಳಿಗಳಲ್ಲಿ ಈ ಉರಿಯೂತ ಹೆಚ್ಚು ಕಾಣುತ್ತದೆ. ದೊಡ್ಡ ಕರುಳಿನ ತೊಂದರೆಯಿರುವ, ಲೋಳೆ ಹೋಗುವ ನಾಯಿಗಳಲ್ಲಿ ಎಷ್ಟೋ ನಾಯಿಗಳು ನಾರಿನಂಶ ಹೆಚ್ಚಿಸಿದರೆ ಸುಧಾರಿಸುತ್ತವೆ. ವೈದ್ಯರು ಹೇಳಿದ ಅಳತೆಯಲ್ಲಿ ಇಸಬ್‌ಗೋಲನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ ಬೆರೆಸುವುದೂ ಇದೇ ಉದ್ದೇಶದಿಂದ. ಭೇದಿಯ ಜೊತೆಗೆ ಪಾದ ನೆಕ್ಕುವುದು, ಕಿವಿ ಕೆರೆಯುವುದು ಇವೂ ಇದ್ದರೆ ಯಾವುದೋ ಒಂದು ಪ್ರೋಟೀನ್ ಅದಕ್ಕೆ ಆಗಿಬರುತ್ತಿಲ್ಲವೆಂದು ಅನುಮಾನಿಸಬೇಕು. ಗೋಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ ಇವು ನಾಯಿಗಳಲ್ಲಿ ಹೆಚ್ಚಾಗಿ ಅಲರ್ಜಿ ತರುವ ಆಹಾರಗಳು.

ಈ ಮೂರನೆಯ ಗುಂಪಿಗೆ ಎರಡು ಆಯ್ಕೆಗಳಿವೆ. ಒಂದು, ನಾಯಿ ಈವರೆಗೆ ತಿನ್ನದ ಪ್ರೋಟೀನನ್ನು ಕೊಡುವುದು. ಹುಟ್ಟಿದಾಗಿನಿಂದ ಕೋಳಿಯನ್ನೇ ತಿಂದು ಬೆಳೆದ ನಾಯಿಗೆ ಮೀನು ಹೊಸದು. ಮಂಗಳೂರು, ಕಾರವಾರದ ಕಡೆ ಮೀನು ತಿಂದು ಬೆಳೆದ ನಾಯಿಗೆ ಅದು ಹೊಸದಾಗದು. ಹೊಸದು ಯಾವುದೆಂದು ತಿಳಿಯಲು ಪುಸ್ತಕವೂ ಮನೆಯವರ ನೆನಪೂ ಬೇಕು. ಇನ್ನೊಂದು, ಪ್ರೋಟೀನನ್ನು ದೇಹ ಗುರುತು ಹಿಡಿಯಲಾಗದಷ್ಟು ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ಹೈಡ್ರೊಲೈಸ್ಡ್ ಆಹಾರ. ಇದಕ್ಕೆ ಬೆಲೆ ಹೆಚ್ಚು, ಆದರೆ ಪ್ರಯೋಗದ ಅವಧಿಗಾದರೂ ಕೊಡಲು ಸಾಧ್ಯವಾದರೆ ಉತ್ತರ ಸ್ಪಷ್ಟವಾಗಿ ಸಿಗುತ್ತದೆ.

ಚೀಲದ ಹಿಂಬದಿಯನ್ನು ಓದುವುದರಲ್ಲಿ ನನಗೆ ಎರಡು ಸಲ ಮೋಸವಾಗಿದೆ. ಮೊದಲನೆಯದು ಹೆಸರಿನ ವಿಷಯ. ಮುಂಭಾಗದಲ್ಲಿ ಕುರಿಮಾಂಸ ಮತ್ತು ಅಕ್ಕಿ ಎಂದು ದೊಡ್ಡದಾಗಿ ಬರೆದಿದ್ದ ಚೀಲದ ಹಿಂದೆ, ಪದಾರ್ಥಗಳ ಪಟ್ಟಿಯ ಮೂರನೆಯ ಸಾಲಿನಲ್ಲಿ ಕೋಳಿಮಾಂಸದ ಪುಡಿ ಇತ್ತು. ಕೋಳಿಯನ್ನು ಬಿಡಿಸಲೆಂದೇ ತಂದ ಆಹಾರದಿಂದ ಮೂರು ವಾರ ಕೋಳಿಯನ್ನೇ ತಿನ್ನಿಸಿದೆವು. ಆದ್ದರಿಂದ ಪಟ್ಟಿಯನ್ನು ಕೊನೆಯ ಪದದವರೆಗೂ ಓದಬೇಕು.

ಎರಡನೆಯದು ಕೊಬ್ಬಿನ ಅಂಕಿ. ಒಣ ಆಹಾರದ ಚೀಲದ ಮೇಲೆ ಕೊಬ್ಬು ಶೇಕಡಾ 12 ಎಂದಿರುತ್ತದೆ, ಪೌಚಿನಲ್ಲಿ ಬರುವ ಹಸಿ ಆಹಾರದ ಮೇಲೆ ಶೇಕಡಾ 4 ಎಂದಿರುತ್ತದೆ. ನಾಲ್ಕೇ ಕಡಿಮೆಯೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಹಸಿ ಆಹಾರದಲ್ಲಿ ಶೇಕಡಾ 80ರಷ್ಟು ನೀರೇ ಇದ್ದರೆ ತಿನ್ನುವ ಪದಾರ್ಥ ನೂರರಲ್ಲಿ 20 ಗ್ರಾಂ ಮಾತ್ರ. ಆ ಇಪ್ಪತ್ತರಲ್ಲಿ ನಾಲ್ಕು ಎಂದರೆ ಕೊಬ್ಬು ಶೇಕಡಾ 20 ಆಯಿತು. ಒಣ ಆಹಾರದಲ್ಲಿ ನೀರು ಶೇಕಡಾ 10 ಆದ್ದರಿಂದ ಅದರ ಕೊಬ್ಬು 13ರ ಹತ್ತಿರಕ್ಕೆ ನಿಲ್ಲುತ್ತದೆ. ಕೊಬ್ಬಿನ ಅಂಕಿಯನ್ನು ನೂರರಿಂದ ತೇವಾಂಶ ಕಳೆದು ಬಂದ ಅಂಕಿಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಎರಡನ್ನೂ ಹೋಲಿಸಬಹುದು. ಜಿಡ್ಡು ಆಗದ ನಾಯಿಗೆ ಈ ಲೆಕ್ಕದಲ್ಲಿ 10ರ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇರುವುದನ್ನು ಹುಡುಕಬೇಕು. ಅದರ ಜೊತೆಗೆ, ನಾಯಿಯ ವಯಸ್ಸಿಗೆ ಪರಿಪೂರ್ಣ ಮತ್ತು ಸಮತೋಲಿತ ಆಹಾರ ಎಂಬ ಹೇಳಿಕೆ ಚೀಲದ ಮೇಲಿದೆಯೇ ಎಂದೂ ನೋಡಬೇಕು. ಪೂರಕ ಆಹಾರ ಎಂದಿದ್ದರೆ ಅದನ್ನೇ ನಂಬಿ ನಾಯಿಯನ್ನು ಸಾಕಲಾಗದು.

ಐದನೆಯ ಹೆಜ್ಜೆ: ನಿಧಾನವಾಗಿ ಬದಲಿಸಿ, ಕಾದು ನೋಡುವುದು

ಹಳೆಯದರಿಂದ ಹೊಸದಕ್ಕೆ ಒಂದೇ ದಿನದಲ್ಲಿ ಹಾರಿದರೆ ಆರೋಗ್ಯವಾಗಿರುವ ನಾಯಿಗೂ ಹೊಟ್ಟೆ ಕೆಡಬಹುದು, ಆಗ ದೋಷ ಆಹಾರದ್ದೋ ಅವಸರದ್ದೋ ತಿಳಿಯುವುದಿಲ್ಲ. ಮೊದಲ ಎರಡು ಮೂರು ದಿನ ಕಾಲು ಭಾಗ ಹೊಸದು, ಆಮೇಲಿನ ಎರಡು ಮೂರು ದಿನ ಅರ್ಧ, ಆಮೇಲೆ ಮುಕ್ಕಾಲು, ಹತ್ತನೆಯ ದಿನದ ಹೊತ್ತಿಗೆ ಪೂರ್ತಿ ಹೊಸದು ಎಂಬ ಕ್ರಮ ಒಳ್ಳೆಯದು. ನಡುವೆ ಮಲ ತೆಳುವಾದರೆ ಹಿಂದಿನ ಅಳತೆಗೆ ಮರಳಿ ಎರಡು ದಿನ ನಿಂತು ಮುಂದುವರಿಯಬೇಕು. ಲೋಟದಿಂದ ಅಳೆಯಬಾರದು, ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿ ಬಳಸಬೇಕು, ಏಕೆಂದರೆ ಪುಟ್ಟ ನಾಯಿಗೆ ಹತ್ತು ಗ್ರಾಮಿನ ವ್ಯತ್ಯಾಸವೂ ದಿನದ ಆಹಾರದ ಹತ್ತನೇ ಒಂದು ಭಾಗ.

ಪೂರ್ತಿ ಹೊಸ ಆಹಾರಕ್ಕೆ ಬಂದ ಮೇಲೆ ಹೊಟ್ಟೆಯ ತೊಂದರೆಗೆ ಎರಡರಿಂದ ಮೂರು ವಾರ, ಚರ್ಮದ ತುರಿಕೆಯೂ ಇದ್ದರೆ ಎಂಟು ವಾರ ಕಾಯಬೇಕು. ಆಹಾರದಿಂದ ಗುಣವಾಗುವ ಹೊಟ್ಟೆಯ ತೊಂದರೆಯಲ್ಲಿ ಸಾಮಾನ್ಯವಾಗಿ ಎರಡು ವಾರದೊಳಗೆ ಸುಧಾರಣೆ ಕಾಣತೊಡಗುತ್ತದೆ. ಈ ಅವಧಿಯಲ್ಲಿ ಹೊರಗಿನ ಒಂದು ತುಣುಕೂ ಹೋಗಬಾರದು. ಮಾಂಸದ ರುಚಿ ಸೇರಿಸಿದ ಜಂತುಹುಳುವಿನ ಮಾತ್ರೆ, ಅಗಿಯುವ ಕಡ್ಡಿ ಕೂಡ ಲೆಕ್ಕಕ್ಕೆ ಬರುತ್ತವೆ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಕ ನೋಡಬೇಕು. ನೀವು ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಅದರಿಂದ ನಿಮ್ಮ ತೂಕವನ್ನು ಕಳೆದರೆ ಸಾಕು. ಐದು ಕಿಲೋ ನಾಯಿ ಅರ್ಧ ಕಿಲೋ ಇಳಿದರೆ ಅದು ಅದರ ದೇಹದ ಹತ್ತನೇ ಒಂದು ಭಾಗ ಎಂಬುದನ್ನು ನೆನಪಿಡಬೇಕು. ಅಷ್ಟು ಇಳಿದರೆ ಪ್ರಯೋಗ ಮುಗಿಯುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು.

ಮೂರು ವಾರ ನಿಷ್ಠೆಯಿಂದ ನಡೆದೂ ಫಲ ಸಿಗದಿದ್ದರೆ ಆ ದಾರಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಮೊದಲ ಆಹಾರ ಸೋತಿತೆಂದು ಆಹಾರದ ದಾರಿಯೇ ಮುಚ್ಚಿತೆಂದು ತಿಳಿಯಬಾರದು. ಒಂದು ಬಗೆಗೆ ಸ್ಪಂದಿಸದ ನಾಯಿ ಇನ್ನೊಂದಕ್ಕೆ ಸ್ಪಂದಿಸುವುದುಂಟು. ನಮ್ಮ ನಾಯಿಗೆ ಒಗ್ಗಿದ್ದು ಎರಡನೆಯ ಪ್ರಯತ್ನದ ಕಡಿಮೆ ಕೊಬ್ಬಿನ ಆಹಾರ. ಹದಿಮೂರನೆಯ ದಿನ ಬೆಳಗ್ಗೆ ಪುಸ್ತಕದಲ್ಲಿ "ಗಟ್ಟಿ, ಒಂದೇ ಸಲ" ಎಂದು ಅಮ್ಮ ಬರೆದು ಕೆಳಗೆ ಗೆರೆ ಎಳೆದಿದ್ದರು.

ಸುಧಾರಿಸಿದ ಮೇಲೆ ಒಂದು ಪರೀಕ್ಷೆ ಉಳಿದಿರುತ್ತದೆ. ಅನುಮಾನವಿರುವ ಹಳೆಯ ಪದಾರ್ಥಗಳಲ್ಲಿ ಒಂದನ್ನು, ಉದಾಹರಣೆಗೆ ಬೇಯಿಸಿದ ಕೋಳಿಯ ಸಣ್ಣ ತುಣುಕನ್ನು, ಒಂದು ವಾರ ದಿನವೂ ಸೇರಿಸಿ ನೋಡಬೇಕು. ತೊಂದರೆ ಮರಳಿದರೆ ಅದೇ ಕಾರಣವೆಂದು ಖಚಿತ, ಕೂಡಲೇ ನಿಲ್ಲಿಸಬೇಕು. ಮರಳದಿದ್ದರೆ ನಾಯಿಗೆ ಒಂದು ರುಚಿ ಹಿಂದಿರುಗಿ ಸಿಕ್ಕಿತು. ಮೇದೋಜೀರಕದ ಉರಿಯೂತ ಬಂದ ನಾಯಿಗೆ ಮಾತ್ರ ಜಿಡ್ಡಿನ ಮರುಪರೀಕ್ಷೆಯನ್ನು ಎಂದಿಗೂ ಮಾಡಬಾರದು.

ಮನೆ ಅಡುಗೆಯನ್ನೇ ಕೊಡಬೇಕೆನ್ನುವವರಿಗೆ

ಚೀಲದ ಆಹಾರ ಬೇಡ, ನಾವೇ ಬೇಯಿಸಿ ಹಾಕುತ್ತೇವೆ ಎನ್ನುವ ಮನೆಗಳ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಅದು ಸಾಧ್ಯವೂ ಹೌದು. ಆದರೆ ಪಶು ಪೋಷಣೆ ಬಲ್ಲ ವೈದ್ಯರಿಂದ ನಾಯಿಯ ತೂಕಕ್ಕೆ ತಕ್ಕ ಪಟ್ಟಿಯನ್ನು ಬರೆಸಿಕೊಂಡು, ಅವರು ಹೇಳಿದ ಕ್ಯಾಲ್ಸಿಯಂ, ಖನಿಜ ಮತ್ತು ಜೀವಸತ್ವದ ಪುಡಿಗಳನ್ನು ಗ್ರಾಮಿನ ಲೆಕ್ಕದಲ್ಲಿ ಸೇರಿಸಬೇಕು. ರಾಗಿಯಲ್ಲಿ ಸುಣ್ಣವಿದೆಯೆಂದು ಮುದ್ದೆ ಕೊಟ್ಟರೆ ಸಾಕೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಕಾಳುಗಳಲ್ಲಿ ರಾಗಿಯ ಸುಣ್ಣ ಹೆಚ್ಚೆನ್ನುವುದು ನಿಜವಾದರೂ ಮಾಂಸದ ಊಟದ ಸುಣ್ಣದ ಕೊರತೆಯನ್ನು ಅದೊಂದೇ ತುಂಬಲಾರದು, ಅದರ ನಾರು ಸೂಕ್ಷ್ಮ ಹೊಟ್ಟೆಗೆ ಭಾರವೂ ಆಗಬಹುದು.

ಒಗ್ಗಿದ ಆಹಾರವನ್ನು ಕಾಪಾಡಿಕೊಳ್ಳುವುದು

ದೊಡ್ಡ ಮೂಟೆಯನ್ನು ಬಿಚ್ಚಿ ಪ್ಲಾಸ್ಟಿಕ್ ಕವರಿನಲ್ಲಿ ತೂಗಿ ಕೊಡುವ ಬಿಡಿ ಆಹಾರವನ್ನು ಸೂಕ್ಷ್ಮ ಹೊಟ್ಟೆಯ ನಾಯಿಗೆ ತರಬಾರದು. ಮೂಟೆ ಯಾವಾಗ ಬಿಚ್ಚಿತು, ಯಾವಾಗ ಅವಧಿ ಮುಗಿಯುತ್ತದೆ ಎಂಬುದು ಕವರಿನ ಮೇಲೆ ಇರುವುದಿಲ್ಲ, ಗಾಳಿಗೆ ತೆರೆದುಕೊಂಡ ಕೊಬ್ಬು ಕಮಟು ಹಿಡಿದಿರಬಹುದು. ಒಂದು ತಿಂಗಳಲ್ಲಿ ಮುಗಿಯುವಷ್ಟು ದೊಡ್ಡ ಚೀಲವನ್ನು ಮಾತ್ರ ತಂದು, ಅದರ ಬಾಯನ್ನು ಬಿಗಿಯಾಗಿ ಮಡಚಿ, ಚೀಲದ ಸಮೇತ ಡಬ್ಬಿಯೊಳಗೆ ಇಡಬೇಕು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ತೇವಕ್ಕೆ ಕಾಳು ಮೆತ್ತಗಾಗಿ ಬೂಸ್ಟು ಹಿಡಿಯುವುದು ಬೇಗ. ಬೂಸ್ಟು ಕಂಡ ಚೀಲವನ್ನು ಬಿಸಿಲಿಗೆ ಒಣಗಿಸಿ ಬಳಸದೆ ಎಸೆದುಬಿಡಬೇಕು. ಚೀಲ ಬದಲಾದಾಗ ಪದಾರ್ಥಗಳ ಪಟ್ಟಿ ಹಿಂದಿನಂತೆಯೇ ಇದೆಯೇ ಎಂದು ಒಮ್ಮೆ ಓದಿ ನೋಡಬೇಕು.

ಹಬ್ಬದ ದಿನ ಮನೆಗೆ ಬಂದವರು ಏನೂ ಕೊಡದಂತೆ ನೋಡಿಕೊಳ್ಳುವುದು, ಅದು ಸಾಧ್ಯವಾಗದಿದ್ದರೆ ಊಟದ ಹೊತ್ತಿಗೆ ನಾಯಿಯನ್ನು ಒಳಕೋಣೆಯಲ್ಲಿ ಇರಿಸುವುದು ಒಳ್ಳೆಯದು. ಊರಿಗೆ ಹೋಗುವಾಗ ಅದನ್ನು ಪಕ್ಕದ ಮನೆಯಲ್ಲೋ ಬೋರ್ಡಿಂಗಿನಲ್ಲೋ ಬಿಡುವುದಾದರೆ ಅದರ ಆಹಾರವನ್ನೇ ಜೊತೆಗೆ ಕಳಿಸಬೇಕು. ನಾವು ಒಂದೊಂದು ಹೊತ್ತಿನ ಪಾಲನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ, ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸುತ್ತೇವೆ: "ಒಂದು ಹೊತ್ತಿಗೆ 30 ಗ್ರಾಂ, ದಿನಕ್ಕೆ ಮೂರು ಹೊತ್ತು. ಕೊನೆಯದು ರಾತ್ರಿ ಹತ್ತಕ್ಕೆ. ಹಾಲು, ಬಿಸ್ಕತ್ತು ಬೇಡ. ಭೇದಿಯಾದರೆ ಮೊದಲು ನಮಗೆ ಫೋನ್ ಮಾಡಿ."